ಸಮುದ್ರದಲ್ಲಿ ಹೋದ ನಮ್ಮೂರ ಹುಡುಗನ ನೆನಪು ಉಳಿಸುವುದು ಹೇಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಊರುಗಳಲ್ಲಿ ಭೂಸೇನೆಗೆ ಹೋದವರ ಕಥೆ ಎಲ್ಲರ ಬಾಯಲ್ಲಿರುತ್ತದೆ. ನೌಕಾಪಡೆಗೆ ಹೋದ ಹುಡುಗ ಹಡಗಿನ ಜೊತೆಗೇ ಮುಳುಗಿದರೆ ಹಾಗಲ್ಲ. ದೇಹ ಊರಿಗೆ ಬರುವುದಿಲ್ಲ, ಸಮಾಧಿ ಇರುವುದಿಲ್ಲ, ಅವನನ್ನು ಕಂಡವರು ಹೋದ ಮೇಲೆ ಹೆಸರೂ ಹೋಗುತ್ತದೆ.

1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರದ ಸಮುದ್ರದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿ ಹ್ಯಾಂಗೋರ್ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಹಡಗು ಬಿಟ್ಟು ಬರದ ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರಿಗೆ ಮಹಾವೀರ ಚಕ್ರ ಬಂತು. ಅವರ ಹೆಸರು ಪುಸ್ತಕಗಳಲ್ಲಿದೆ. ಉಳಿದ ಹುಡುಗರ ಹೆಸರು ಅವರವರ ಊರಿನವರಿಗಾದರೂ ಗೊತ್ತಿರಬೇಕು ಅಲ್ವಾ? ನಿಮ್ಮೂರಿನವನು ಖುಕ್ರಿಯಲ್ಲಿದ್ದರೂ ಬೇರೆ ಹಡಗಿನಲ್ಲಿದ್ದರೂ ಮಾಡಬೇಕಾದ ಕೆಲಸ ಇದೇ.

ಮೊದಲು ಮನೆಯವರನ್ನು ಕೇಳಿ. ಅವನ ಅಕ್ಕನೋ ತಂಗಿಯೋ ಇದ್ದರೆ ಅವರ ಹತ್ತಿರವೇ ಹೋಗಿ, ಅವರು ಒಪ್ಪದಿದ್ದರೆ ಅಲ್ಲಿಗೇ ಬಿಡಿ. ಸಾವಿನ ಸುದ್ದಿ ಹೇಗೆ ಬಂತು ಅಂತ ಶುರು ಮಾಡಬೇಡಿ. ‘ಅಕ್ಕಾ, ಅವನು ಈಜು ಕಲಿತದ್ದು ಎಲ್ಲಿ? ಹೊಳೆಯಲ್ಲೋ, ಬಾವಿಯಲ್ಲೋ?’ ಅಂತ ಕೇಳಿ ನೋಡಿ, ಮಾತು ತಾನಾಗಿ ಬರುತ್ತದೆ. ಅವನು ಸತ್ತದ್ದು ಒಂದು ರಾತ್ರಿ, ಬದುಕಿದ್ದು ಇಪ್ಪತ್ತು ಚಿಲ್ಲರೆ ವರ್ಷ, ಬರೆಯುವಾಗ ಆ ವರ್ಷಗಳಿಗೇ ಜಾಸ್ತಿ ಜಾಗ ಕೊಡಿ.

ಆಮೇಲೆ ಟ್ರಂಕಿನಲ್ಲಿರುವ ಕಾಗದ. ಮನಿ ಆರ್ಡರ್ ಜೊತೆ ಬರುತ್ತಿದ್ದ ಚೀಟಿಯನ್ನು ಸುಮ್ನೆ ಪಕ್ಕಕ್ಕಿಡಬೇಡಿ. ಅದರಲ್ಲಿ ನಾಲ್ಕು ಸಾಲು ಬರೆಯಲು ಜಾಗ ಇರುತ್ತಿತ್ತು, ಎಷ್ಟೋ ಹುಡುಗರು ಅವ್ವನಿಗೆ ಹೇಳಬೇಕಾದದ್ದನ್ನೆಲ್ಲ ಅದರಲ್ಲೇ ತುಂಬಿಸುತ್ತಿದ್ದರು. ಇನ್‌ಲ್ಯಾಂಡ್ ಪತ್ರದ ಹಿಂದೆ ವಿಳಾಸ ಓದಿ: ಹಡಗಿನ ಹೆಸರು, ಕೆಳಗೆ ‘ಫ್ಲೀಟ್ ಮೇಲ್ ಆಫೀಸ್, ಬಾಂಬೆ’, ಅದೃಷ್ಟವಿದ್ದರೆ ಅವನ ಸರ್ವಿಸ್ ನಂಬರ್ ಕೂಡ. ಫೋಟೋದ ಹಿಂದೆ ಸ್ಟುಡಿಯೋ ಮೊಹರು ಇದ್ದರೆ ಅದನ್ನೂ ಬರೆದುಕೊಳ್ಳಿ. ಪತ್ರಗಳಿಗೆ ಲ್ಯಾಮಿನೇಶನ್ ಬೇಡ, ಅಂಟು ಟೇಪೂ ಬೇಡ. ಬಾಗಿಲ ಹತ್ತಿರ, ನೇರ ಬಿಸಿಲು ಬೀಳದ ಕಡೆ ಹರಡಿ, ಮೊಬೈಲ್‌ನಲ್ಲಿ ಎರಡೂ ಬದಿ ಫೋಟೋ ತೆಗೆಯಿರಿ. ಶಾಯಿ ಮಾಸಿದ್ದರೆ ಬೆಳಕು ಪಕ್ಕದಿಂದ ಬೀಳಲಿ, ಪೆನ್ನು ಒತ್ತಿದ ಗೆರೆ ಕಾಣುತ್ತದೆ. ಮೂಲ ಕಾಗದ ಮನೆಯಲ್ಲೇ ಇರಲಿ.

ದಾಖಲೆ ಹುಡುಕುವಾಗ ಒಂದು ವಿಷಯ ನೆನಪಿರಲಿ. 1971ರಲ್ಲಿ ಕರ್ನಾಟಕ ಅನ್ನುವ ಹೆಸರು ಬಂದಿರಲಿಲ್ಲ, ಅದು ಬಂದದ್ದು 1973ರಲ್ಲಿ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಜಮಖಂಡಿಯ ಹುಡುಗನನ್ನೂ ‘ಮೈಸೂರು ರಾಜ್ಯ, ಬಿಜಾಪುರ ಜಿಲ್ಲೆ’ ಅಂತಲೇ ಹುಡುಕಬೇಕು. ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಕೂಡ ನಾಲ್ಕೈದು ರೀತಿ ಹಾಕಿ ನೋಡಿ. ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ವೆಬ್‌ಸೈಟಿನಲ್ಲಿ ಹುಡುಕಬಹುದು, ಸ್ಮಾರಕದಲ್ಲಿ ಹೆಸರುಗಳನ್ನು ತ್ಯಾಗ ಚಕ್ರ ಅನ್ನುವ ಭಾಗದ ಗ್ರಾನೈಟ್ ಫಲಕಗಳ ಮೇಲೆ ಕೆತ್ತಿದ್ದಾರೆ. ನಾವಿಕರ ದಾಖಲೆ ಇರುವುದು ಮುಂಬೈನ ಬ್ಯೂರೋ ಆಫ್ ಸೇಲರ್ಸ್ ಕಚೇರಿಯಲ್ಲಿ. ಅಲ್ಲಿಗೆ ಬರೆಯುವ ಪತ್ರ ಮನೆಯವರ ಸಹಿಯಲ್ಲೇ ಹೋಗಲಿ. ದಾರಿ ತಿಳಿಯದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ.

ಹಳೆ ಬಾಗಲಕೋಟೆಯ ಹುಡುಗನಾದರೆ ಇನ್ನೊಂದು ಕೆಲಸ ಇದೆ. ಆಲಮಟ್ಟಿ ಹಿನ್ನೀರಿಗೆ ಎಷ್ಟೋ ಓಣಿಗಳೇ ಹೋದವು, ಜನ ನವನಗರಕ್ಕೆ ಬಂದು ಚದುರಿದರು. ಹಳೆ ಓಣಿಯ ನೆರೆಯವರನ್ನು ಹುಡುಕಿ ಕೂರಿಸಿ, ಅವನ ಮನೆ ಎಲ್ಲಿತ್ತು, ಯಾವ ಕಟ್ಟೆ ಮೇಲೆ ಕೂರುತ್ತಿದ್ದ ಅಂತ ಒಂದು ನಕ್ಷೆ ಬರೆಸಿ. ಹಿರಿಯರು ಇರುವಾಗಲೇ ಇದು ಆಗಬೇಕು, ಮುಂದೂಡಬೇಡಿ.

ನೆನಪಿನ ದಿನ ಯಾವುದು ಅಂತ ನೀವು ತೀರ್ಮಾನಿಸಬೇಡಿ. ಮನೆಯವರು ಮೊದಲಿನಿಂದ ಅವನಿಗೆ ಎಡೆ ಇಡುವ ದಿನ ಒಂದಿದ್ದರೆ ಅದೇ ಇರಲಿ. ಊರಿನ ಕಾರ್ಯಕ್ರಮ ಬೇರೆ ದಿನ ಮಾಡಬಹುದು. ಅವತ್ತು ದೊಡ್ಡ ಫ್ಲೆಕ್ಸ್ ಬೇಡ, ಮಳೆಗಾಲಕ್ಕೆ ಅದು ಹರಿಯುತ್ತದೆ. ಆ ದುಡ್ಡಿನಲ್ಲಿ ಅವನು ಓದಿದ ಸರ್ಕಾರಿ ಶಾಲೆಯಲ್ಲಿ ಒಂದು ಕಲ್ಲು ನೆಡಿಸಿ: ಹೆಸರು, ಅಪ್ಪ-ಅವ್ವನ ಹೆಸರು, ಹುಟ್ಟಿದ ವರ್ಷ, ಹಡಗು, ತೀರಿಕೊಂಡ ದಿನ. ಕೆತ್ತುವ ಮುಂಚೆ ಕಾಗುಣಿತವನ್ನು ಮನೆಯವರಿಗೆ ಓದಿ ತೋರಿಸಿ. ಬರೆದಿಟ್ಟದ್ದನ್ನೆಲ್ಲ ಪ್ರಿಂಟ್ ಮಾಡಿಸಿ ಒಂದು ಪ್ರತಿ ಮನೆಗೆ, ಒಂದು ಶಾಲೆಗೆ, ಒಂದು ಊರಿನ ಗ್ರಂಥಾಲಯಕ್ಕೆ ಕೊಡಿ.