ಮಗುವಿಗೆ ಮೊದಲು ಉಸಿರು: ತಾಲ್ಲೂಕು ಆಸ್ಪತ್ರೆಯಲ್ಲಿ ನನ್ನ ಅನುಭವ

ಹೃದಯಸ್ತಂಭನ ಅಂದ ತಕ್ಷಣ ಜನರ ಕಣ್ಣ ಮುಂದೆ ಬರುವುದು ಎದೆ ಹಿಡಿದುಕೊಂಡು ಕುಸಿಯುವ ನಡುವಯಸ್ಸಿನ ಗಂಡಸು. ನಾನು ಬಯಲುಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯೆ. ನನ್ನ ಮುಂದೆ ಬರುವ ಮಕ್ಕಳ ಕಥೆ ಬೇರೆ. ಕೃಷಿ ಹೊಂಡಕ್ಕೆ ಜಾರಿದ್ದು, ಮುಚ್ಚಳ ತೆಗೆದಿಟ್ಟ ನೀರಿನ ಸಂಪ್‌ಗೆ ಬಿದ್ದಿದ್ದು, ಗಂಟಲಲ್ಲಿ ಕಡಲೆಬೀಜ ಸಿಕ್ಕಿಕೊಂಡಿದ್ದು, ಕೆಮ್ಮು ಅಂತ ಮನೆಮದ್ದಿನಲ್ಲೇ ಕಾಲ ಕಳೆದು ನ್ಯುಮೋನಿಯಾ ಬಲಿತದ್ದು. ಈ ಮಕ್ಕಳ ಹೃದಯದಲ್ಲಿ ರೋಗವೇನೂ ಇರುವುದಿಲ್ಲ. ಮೊದಲು ಉಸಿರು ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕ ಮುಗಿಯುತ್ತದೆ, ಹೃದಯ ನಿಧಾನವಾಗುತ್ತಾ ಬಂದು ಕೊನೆಗೆ ಸುಮ್ಮನಾಗುತ್ತದೆ.

ಈ ವ್ಯತ್ಯಾಸವನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಮ್ಮ ರಾಜ್ಯದಲ್ಲಿ ಸಿಪಿಆರ್, ಅಂದರೆ ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದನ್ನು, ಕಲಿಯುವ ಆಸಕ್ತಿ ಹೆಚ್ಚಾಯಿತು. ಕಾಲೇಜು, ಪೊಲೀಸ್ ಠಾಣೆ, ಬಸ್ ಡಿಪೊ ಎಲ್ಲ ಕಡೆ ತರಬೇತಿಗಳಾದವು. ಒಳ್ಳೆಯದೇ ಆಯಿತು. ಆದರೆ ಅಲ್ಲೆಲ್ಲ ಹೆಚ್ಚಾಗಿ ಹೇಳಿಕೊಟ್ಟಿದ್ದು ಬಾಯಿಗೆ ಬಾಯಿ ಬೇಡ, ಎದೆ ಒತ್ತಿದರೆ ಸಾಕು ಅನ್ನುವ ವಿಧಾನ. ಹಠಾತ್ತನೆ ಕುಸಿದ ದೊಡ್ಡವರಿಗೆ ಅದು ಸರಿ, ಅವರ ರಕ್ತದಲ್ಲಿ ಇನ್ನೂ ಕೆಲವು ನಿಮಿಷಕ್ಕಾಗುವಷ್ಟು ಆಮ್ಲಜನಕ ಉಳಿದಿರುತ್ತದೆ. ಮುಳುಗಿದ ಮಗುವಿನಲ್ಲಿ ಅದು ಆಗಲೇ ಖಾಲಿ. ಉಸಿರು ಕೊಡದೆ ಎದೆ ಮಾತ್ರ ಒತ್ತುವುದು ಸರಕಿಲ್ಲದ ಲಾರಿ ಓಡಿಸಿದ ಹಾಗೆ. ಜಪಾನಿನಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತ 5,170 ಮಕ್ಕಳ ಲೆಕ್ಕ 2010ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಂದು ವರ್ಷ ದಾಟಿ, ಹೃದ್ರೋಗವಲ್ಲದ ಕಾರಣಕ್ಕೆ ಕುಸಿದ ಮಕ್ಕಳನ್ನು ನೋಡಿದರೆ, ಅಕ್ಕಪಕ್ಕದವರು ಉಸಿರು ಕೊಟ್ಟು ಎದೆಯನ್ನೂ ಒತ್ತಿದ್ದಾಗ ಶೇ. 7.2 ಮಕ್ಕಳು ಮಿದುಳಿಗೆ ಹೆಚ್ಚಿನ ಪೆಟ್ಟಿಲ್ಲದೆ ಉಳಿದಿದ್ದರು. ಎದೆ ಮಾತ್ರ ಒತ್ತಿದ್ದಾಗ ಶೇ. 1.6. ನಮ್ಮ ಸಿಬ್ಬಂದಿಗೆ ಪಾಠ ಶುರುಮಾಡುವಾಗ ನಾನು ಬೋರ್ಡಿನ ಮೇಲೆ ಬರೆಯುವುದು ಈ ಎರಡು ಅಂಕಿ ಮಾತ್ರ.

ಕೆಲಸ ಶುರುವಾದದ್ದು ಹೇಳದೆ ಕೇಳದೆ ಮಾಡಿದ ಅಣಕು ಕಸರತ್ತುಗಳಿಂದ. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ರಬ್ಬರ್ ಗೊಂಬೆ ಎತ್ತಿಕೊಂಡು ಎಮರ್ಜೆನ್ಸಿ ರೂಮಿಗೆ ಓಡಿ ಬಂದು ಟೇಬಲ್ ಮೇಲೆ ಮಲಗಿಸುವುದು: ಎರಡು ವರ್ಷದ ಮಗು, ನೀರಿಗೆ ಬಿದ್ದಿತ್ತು, ಉಸಿರಿಲ್ಲ. ಒಬ್ಬರು ಮೊಬೈಲಿನಲ್ಲಿ ವಿಡಿಯೊ ಮಾಡುವುದು. ಆಮೇಲೆ ಎಲ್ಲರೂ ಚಹಾ ಕುಡಿಯುತ್ತಾ ಅದನ್ನೇ ನೋಡುವುದು. ಬೈಯುವ ಹಾಗಿಲ್ಲ ಅನ್ನುವುದೊಂದೇ ಷರತ್ತು. ಅಮೆರಿಕದಲ್ಲಿ ಹೀಗೆ ಹೃದಯ ನಿಂತ ಸಾವಿರಕ್ಕೂ ಹೆಚ್ಚು ಮಕ್ಕಳ ಆಂಬುಲೆನ್ಸ್ ದಾಖಲೆಗಳನ್ನು ಪರಿಶೀಲಿಸಿ 2024ರಲ್ಲಿ ಹೊರಬಂದ ಅಧ್ಯಯನದಲ್ಲಿ ಶೇ. 60 ಪ್ರಕರಣಗಳಲ್ಲಿ ಕನಿಷ್ಠ ಒಂದು ಗಂಭೀರ ಲೋಪ ಕಂಡಿತ್ತು. ಅಷ್ಟೆಲ್ಲ ಸೌಕರ್ಯ ಇರುವವರ ಪಾಡೇ ಹೀಗಿರುವಾಗ ನಾವು ತಲೆ ತಗ್ಗಿಸಬೇಕಾಗಿಲ್ಲ, ಆದರೆ ಎಲ್ಲಿ ಎಡವುತ್ತೇವೆ ಅಂತ ನೋಡಿಕೊಳ್ಳಬೇಕು. ಹೀಗೆ ಹೇಳಿದ ಮೇಲೆ ಸಿಸ್ಟರ್‌ಗಳು ನಿರಾಳವಾಗಿ ಮಾತಾಡತೊಡಗಿದರು.

ವಿಡಿಯೊದಲ್ಲಿ ಎದ್ದು ಕಂಡದ್ದು ಅಡ್ರಿನಲಿನ್, ಅಂದರೆ ನಿಂತ ಹೃದಯ ಮತ್ತೆ ಬಡಿಯಲೆಂದು ಕೊಡುವ ಔಷಧಿಯ ಎಡವಟ್ಟು. ಔಷಧಿ ಇರಲಿಲ್ಲ ಅಂತಲ್ಲ, ಕೈಯಲ್ಲೇ ಇತ್ತು. ನಮ್ಮಲ್ಲಿ ಸಿಗುವ ಆಂಪೂಲ್ (ಔಷಧಿಯ ಸಣ್ಣ ಗಾಜಿನ ಸೀಸೆ) 1 ಎಂ.ಎಲ್.ನದು, ಅದರಲ್ಲಿ 1 ಮಿಲಿಗ್ರಾಂ ಔಷಧಿ. ದೊಡ್ಡವರಿಗೆ ಇಡೀ ಆಂಪೂಲ್ ಕೊಡುತ್ತಾರೆ. ಮಗುವಿಗೆ ಬೇಕಾದದ್ದು ಕೆ.ಜಿ.ಗೆ 0.01 ಮಿಲಿಗ್ರಾಂ. ಆಂಪೂಲಿಗೆ 9 ಎಂ.ಎಲ್. ಸಲೈನ್ ಸೇರಿಸಿ ತೆಳುಮಾಡಿ, ಕೆ.ಜಿ.ಗೆ 0.1 ಎಂ.ಎಲ್. ಲೆಕ್ಕದಲ್ಲಿ ಕೊಡಬೇಕು. ಹತ್ತು ಕೆ.ಜಿ. ಮಗುವಿಗೆ ತೆಳುಮಾಡದೆ 1 ಎಂ.ಎಲ್. ಹೋದರೆ ಹತ್ತು ಪಟ್ಟು ಔಷಧಿ ಹೋಯಿತು. ಸುತ್ತ ಕೂಗಾಟ, ತಾಯಿಯ ಅಳು, ಅದರ ನಡುವೆ ದಶಾಂಶದ ಲೆಕ್ಕ ಮಾಡು ಅಂದರೆ ಯಾರಿಂದ ಆಗುತ್ತದೆ? ಲೆಕ್ಕವನ್ನೇ ಅಲ್ಲಿಂದ ತೆಗೆದುಬಿಟ್ಟೆವು. 3 ಕೆ.ಜಿ.ಯಿಂದ 25 ಕೆ.ಜಿ.ವರೆಗೆ ಒಂದೊಂದು ಸಾಲಿನ ಪಟ್ಟಿ ದಪ್ಪ ಅಕ್ಷರದಲ್ಲಿ ಬರೆಸಿ, ಲ್ಯಾಮಿನೇಟ್ ಮಾಡಿಸಿ, ಟೇಬಲ್ಲಿನ ತಲೆಯ ಕಡೆ ಗೋಡೆಗೆ ಅಂಟಿಸಿದೆವು. 10 ಕೆ.ಜಿ. ಸಾಲಿನಲ್ಲಿ ಇರುವುದು ಇಷ್ಟೇ: ತೆಳುಮಾಡಿದ ಅಡ್ರಿನಲಿನ್ 1 ಎಂ.ಎಲ್., ಸಲೈನ್ 100 ಎಂ.ಎಲ್., ಹೃದಯಕ್ಕೆ ವಿದ್ಯುತ್ ಶಾಕ್ ಬೇಕಾದರೆ ಮೊದಲು 20 ಜೂಲ್, ಆಮೇಲೆ 40.

ಸಿರಿಂಜಿನದು ಇನ್ನೊಂದು ತಕರಾರು. 3 ಕೆ.ಜಿ. ಕೂಸಿಗೆ 0.3 ಎಂ.ಎಲ್. ಬೇಕು. ಸಣ್ಣ ಸಿರಿಂಜ್ ಅಂತ ಕೈಗೆ ಸಿಗುವುದು ಇನ್ಸುಲಿನ್ ಸಿರಿಂಜ್. ಅದರಲ್ಲಿ 40 ಗೀಟು ಅಂದರೆ 1 ಎಂ.ಎಲ್. 0.3 ಅಂತ 30ರ ಗೀಟಿನವರೆಗೆ ಎಳೆದರೆ ಬರುವುದು 0.75 ಎಂ.ಎಲ್., ಎರಡು ಪಟ್ಟಿಗಿಂತ ಹೆಚ್ಚು. ಹಾಗಾಗಿ ಇನ್ಸುಲಿನ್ ಸಿರಿಂಜನ್ನು ಆ ಕಪಾಟಿನಿಂದಲೇ ಆಚೆ ಹಾಕಿದೆವು. ಆಂಪೂಲ್, ಸಲೈನ್, 10 ಎಂ.ಎಲ್. ಸಿರಿಂಜ್, ಎಂ.ಎಲ್. ಗೀಟಿರುವ 1 ಎಂ.ಎಲ್. ಸಿರಿಂಜುಗಳು, ಎಲ್ಲ ಒಂದೇ ಡಬ್ಬಿಯಲ್ಲಿ, ಮೇಲೆ ಟೇಪ್. ಟೇಪ್ ಹರಿದಿದ್ದರೆ ಯಾರೋ ಬಳಸಿದ್ದಾರೆ, ಪಾಳಿ ಬದಲಾಗುವ ಮುಂಚೆ ತುಂಬಿಡಬೇಕು. ಔಷಧಿ ಕೊಡಲು ರಕ್ತನಾಳ ಒಂದು ನಿಮಿಷದಲ್ಲಿ ಸಿಗದಿದ್ದರೆ ಹುಡುಕುತ್ತಾ ಕೂರುವುದಿಲ್ಲ, ಮೊಣಕಾಲಿನ ಕೆಳಗೆ ಒಳಬದಿಯ ಚಪ್ಪಟೆ ಮೂಳೆಗೇ ಸೂಜಿ. ಇದನ್ನು ಕೋಳಿ ಕಾಲಿನ ಮೂಳೆಯ ಮೇಲೆ ಅಭ್ಯಾಸ ಮಾಡಿದೆವು. ಸಸ್ಯಾಹಾರಿ ಸಿಸ್ಟರ್ ಒಬ್ಬರು ಮೂಗು ಮುಚ್ಚಿಕೊಂಡೇ ಕಲಿತು, ಈಗ ನನಗಿಂತ ಚುರುಕು.

ತೂಕ ಯಾರು ಹೇಳಬೇಕು? ಮಗುವಿನ ಉದ್ದ ಅಳೆದು ತೂಕ ಹೇಳುವ ಬಣ್ಣದ ಟೇಪ್ ಅಮೆರಿಕದ ಮಕ್ಕಳ ಅಳತೆಯದು. ನಮ್ಮ ಮಕ್ಕಳಲ್ಲಿ, ಅದರಲ್ಲೂ ಹತ್ತು ಕೆ.ಜಿ. ದಾಟಿದವರಲ್ಲಿ, ಅದು ಹೆಚ್ಚು ತೋರಿಸುತ್ತದೆ ಅನ್ನುವುದನ್ನು ಭಾರತದಲ್ಲೇ ನಡೆದ ಅಧ್ಯಯನಗಳು ಹೇಳಿವೆ. ವಯಸ್ಸಿಗೆ ನಾಲ್ಕು ಸೇರಿಸಿ ಎರಡರಿಂದ ಗುಣಿಸುವ ಹಳೆಯ ಲೆಕ್ಕದಲ್ಲಿ ಮೂರು ವರ್ಷದ ಮಗು 14 ಕೆ.ಜಿ. ಆಗಬೇಕು, ನಮ್ಮಲ್ಲಿ ಎಷ್ಟೋ ಮಕ್ಕಳು 12 ಮುಟ್ಟಿರುವುದಿಲ್ಲ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ನಂಬಬಹುದಾದ ಮೂಲ ತಾಯಿ ಅಥವಾ ಅಜ್ಜಿ. ಅಂಗನವಾಡಿಯಲ್ಲಿ ಕಳೆದ ತಿಂಗಳು ಎಷ್ಟು ತೂಗಿತ್ತು ಅಂದರೆ ಅಳುವಿನ ನಡುವೆಯೂ ಥಟ್ಟನೆ ಹೇಳುತ್ತಾರೆ. ಬಾಗಿಲಲ್ಲಿ ನಿಂತ ಆಯಾ ಈ ಪ್ರಶ್ನೆ ಕೇಳಿ ಒಳಗೆ ಕೂಗಬೇಕು, ಅದು ಅವರ ಜವಾಬ್ದಾರಿ.

ಔಷಧಿಯ ಮಾತು ಉದ್ದವಾಯಿತು. ನಿಜವಾಗಿ ಮಗು ಉಳಿಯುವುದು ಕೈಯಿಂದ ಒತ್ತಿ ಗಾಳಿ ಕೊಡುವ ಬ್ಯಾಗ್ ಮತ್ತು ಮುಖಕ್ಕೆ ಕೂರಿಸುವ ಮಾಸ್ಕಿನಿಂದ. ಹೊಸದಾಗಿ ಬರುವ ವೈದ್ಯರಿಗೆ ಗಂಟಲಿಗೆ ಟ್ಯೂಬ್ ಹಾಕುವ ಆತುರ ಇರುತ್ತದೆ, ಅದೊಂದು ಪ್ರತಿಷ್ಠೆಯ ವಿಷಯ ಕೂಡ. ಲಾಸ್ ಏಂಜಲೀಸ್ ಕಡೆ 830 ಮಕ್ಕಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನ, ಆಂಬುಲೆನ್ಸಿನವರು ಟ್ಯೂಬ್ ಹಾಕಿದ್ದರಿಂದ ಹೆಚ್ಚು ಮಕ್ಕಳೇನೂ ಬದುಕಲಿಲ್ಲ ಅಂತ ತೋರಿಸಿತು. ಹಾಗಾಗಿ ನಮ್ಮ ರೂಮಿನಲ್ಲಿ ಒಂದೇ ಪ್ರಶ್ನೆ: ಎದೆ ಏಳುತ್ತಾ ಇದೆಯಾ? ಏಳುತ್ತಿಲ್ಲ ಅಂದರೆ ಬ್ಯಾಗನ್ನು ಜೋರಾಗಿ ಒತ್ತುವುದಲ್ಲ, ಮೊದಲು ತಲೆಯ ಕೋನ ನೋಡಬೇಕು. ಕೂಸುಗಳ ಹಿಂದಲೆ ದೊಡ್ಡದು, ಚಪ್ಪಟೆ ಟೇಬಲ್ ಮೇಲೆ ಮಲಗಿಸಿದರೆ ಗದ್ದ ಎದೆಗೆ ಬಾಗಿ ಉಸಿರುದಾರಿ ಮುಚ್ಚುತ್ತದೆ. ಭುಜದ ಕೆಳಗೆ ಮಡಿಸಿದ ಟವೆಲ್ ಇಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ಮಾಸ್ಕ್ ಮೂಗಿನ ಸೇತುವೆಯಿಂದ ಗದ್ದದವರೆಗೆ ಕೂರಬೇಕು, ಕಣ್ಣಿನ ಮೇಲೆ ಬರಬಾರದು. ಒಬ್ಬರು ಎರಡೂ ಕೈಯಿಂದ ಮಾಸ್ಕ್ ಹಿಡಿದು ದವಡೆ ಎತ್ತುವುದು, ಇನ್ನೊಬ್ಬರು ಬ್ಯಾಗ್ ಒತ್ತುವುದು. ಮುಳುಗಿದ ಮಗು ವಾಂತಿ ಮಾಡಿಕೊಂಡಿರುತ್ತದೆ, ಅದನ್ನು ಹೀರಿ ತೆಗೆಯುವ ತೆಳು ಸಕ್ಷನ್ ನಳಿಗೆಯಲ್ಲಿ ಅನ್ನದಗುಳು ಸಿಕ್ಕಿ ಕಟ್ಟಿಕೊಳ್ಳುತ್ತದೆ. ಅಗಲ ಬಾಯಿನ ಗಟ್ಟಿ ನಳಿಗೆಯೇ ಬೇಕು. ಕರೆಂಟ್ ಹೋದಾಗಿನ ಪಾಡಿಗೆ ಕಾಲಲ್ಲಿ ತುಳಿಯುವ ಸಕ್ಷನ್ ಯಂತ್ರವನ್ನು ಸ್ಟೋರ್ ರೂಮಿನ ಮೂಲೆಯಿಂದ ಎತ್ತಿ ತಂದೆವು.

ಇಬ್ಬರು ಇದ್ದಾಗ 15 ಸಲ ಒತ್ತು, 2 ಉಸಿರು. ಒತ್ತುವ ಆಳ ಎದೆಯ ದಪ್ಪದ ಮೂರನೇ ಒಂದು ಭಾಗ, ಕೂಸಿಗೆ ಸುಮಾರು 4 ಸೆಂ.ಮೀ., ದೊಡ್ಡ ಮಗುವಿಗೆ 5. ವೇಗ ನಿಮಿಷಕ್ಕೆ 100ರಿಂದ 120. ಇಲ್ಲಿ ಒಂದು ತಮಾಷೆ ಆಯಿತು. ಜೋರಾಗಿ ಎಣಿಸುತ್ತಾ ಒತ್ತಿ ಅಂದರೆ ಹತ್ತರವರೆಗೆ ಸರಿಯಾಗಿ ಹೋಗಿ, ಹನ್ನೊಂದು, ಹನ್ನೆರಡು, ಹದಿಮೂರು ಬಂದಾಗ ಬಾಯಿಯ ಜೊತೆ ಕೈಯೂ ನಿಧಾನವಾಗುತ್ತಿತ್ತು. ಈಗ ಒಂದರಿಂದ ಹತ್ತು, ಮತ್ತೆ ಒಂದರಿಂದ ಐದು ಎಣಿಸುತ್ತೇವೆ, ಪಕ್ಕದಲ್ಲಿ ಮೊಬೈಲಿನ ಮೆಟ್ರೊನೋಮ್ (ತಾಳ ಹಾಕುವ ಆ್ಯಪ್) ನಿಮಿಷಕ್ಕೆ 110ಕ್ಕೆ ಇಟ್ಟಿರುತ್ತದೆ. ಬ್ಯಾಗ್ ಹಿಡಿದವರ ಗಾಬರಿ ಬೇರೆ. ಗಾಬರಿಯಾದಷ್ಟೂ ಬೇಗ ಬೇಗ ಒತ್ತುತ್ತಾರೆ, ಹೊಟ್ಟೆ ಗಾಳಿ ತುಂಬಿ ಉಬ್ಬುತ್ತದೆ, ವಾಂತಿ ಮೇಲೆ ಬರುತ್ತದೆ. ಎದೆ ಎದ್ದಿತು ಅನ್ನುವಷ್ಟು ಒತ್ತಿದರೆ ಸಾಕು, ಹೆಚ್ಚು ಬೇಡ.

ಇದೆಲ್ಲ ಆಸ್ಪತ್ರೆಯೊಳಗಿನ ಮಾತು. ಮಗು ನಮ್ಮಲ್ಲಿಗೆ ಬರುವುದು ಹೇಗೆ? ಬಹುಪಾಲು ಬೈಕಿನಲ್ಲಿ, ಚಿಕ್ಕಪ್ಪ ಓಡಿಸುತ್ತಾ, ಹಿಂದೆ ಅಪ್ಪ ಮಗುವನ್ನು ಎದೆಗವಚಿಕೊಂಡು. ಆ ದಾರಿಯುದ್ದಕ್ಕೂ ಮಗುವಿಗೆ ಒಂದು ಉಸಿರೂ ಸಿಕ್ಕಿರುವುದಿಲ್ಲ. ನಮ್ಮ ಪಟ್ಟಿ, ಡಬ್ಬಿ, ಮೆಟ್ರೊನೋಮ್ ಯಾವುದೂ ಆ ಹೊತ್ತನ್ನು ವಾಪಸ್ ತರುವುದಿಲ್ಲ. ಆಂಬುಲೆನ್ಸ್ ಬಂದಾಗಲೂ ಊರವರು, ಮೊದಲು ಹೊರಡಿ, ಹೊರಡಿ ಅಂತ ಅವಸರ ಮಾಡುತ್ತಾರೆ. ಓಡುವ ಗಾಡಿಯಲ್ಲಿ, ಹಂಪ್ ಮೇಲೆ ಎಗರುತ್ತಾ, ಎದೆ ಒತ್ತುವುದು ಹೆಸರಿಗಷ್ಟೇ. ಉತ್ತರ ಅಮೆರಿಕದ ದಾಖಲೆಗಳಲ್ಲಿ ಸ್ಥಳದಲ್ಲೇ 10ರಿಂದ 35 ನಿಮಿಷ ಕೆಲಸ ಮಾಡಿದ ಕಡೆ ಹೆಚ್ಚು ಮಕ್ಕಳು ಉಳಿದಿದ್ದರು. ಇದನ್ನು ಆಂಬುಲೆನ್ಸಿನಲ್ಲಿ ಚಿಕಿತ್ಸೆ ಕೊಡುವ ಇಎಂಟಿ ಮತ್ತು ಗಾಡಿ ಓಡಿಸುವ ಪೈಲಟ್‌ಗಳ ಜೊತೆ ಕೂತು ಮಾತಾಡಿದೆ. ಒಬ್ಬ ಪೈಲಟ್ ಕೇಳಿದ: "ಮೇಡಂ, ಗಾಡಿ ನಿಲ್ಸಿಕೊಂಡ್ರೆ ಜನ ಸುಮ್ನೆ ಬಿಡ್ತಾರಾ?" ನ್ಯಾಯವಾದ ಪ್ರಶ್ನೆ. ನಾವು ಕಂಡುಕೊಂಡ ಉಪಾಯ, ಮಗುವನ್ನು ಗಾಡಿಯೊಳಗೆ ಮಲಗಿಸಿ, ಬಾಗಿಲು ಮುಚ್ಚಿ, ಅಪ್ಪನನ್ನೋ ಅಮ್ಮನನ್ನೋ ಒಳಗೆ ಕೂರಿಸಿಕೊಂಡು, ಅಲ್ಲೇ ನಿಂತು ಕೆಲಸ ಶುರು ಮಾಡುವುದು. ಏನು ಮಾಡುತ್ತಿದ್ದಾರೆ ಅಂತ ಕಣ್ಣಾರೆ ಕಂಡವರು ಜಗಳಕ್ಕೆ ಬರುವುದು ಕಡಿಮೆ.

ಊರಿನಲ್ಲಿ ಹೇಳಿಕೊಡುವ ಕೆಲಸ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರ ಮೂಲಕ ನಡೆಯುತ್ತಿದೆ. ಇಲ್ಲಿ ಎದುರಾಳಿ ಅಜ್ಞಾನ ಅನ್ನುವುದಕ್ಕಿಂತ ತಪ್ಪು ಜ್ಞಾನ. ಮುಳುಗಿದ ಮಗುವನ್ನು ಕಾಲು ಹಿಡಿದು ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಅಮುಕುವುದು ಹಳೆಯ ರೂಢಿ. ಮೊಬೈಲ್ ಬಂದ ಮೇಲೆ ಉಪ್ಪು ಸೇರಿಕೊಂಡಿದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಯೊಂದರಲ್ಲಿ, ಮುಳುಗಿ ಸತ್ತ ಹುಡುಗ ಬದುಕಿಬರುತ್ತಾನೆ ಎಂದು ದೇಹವನ್ನು ಗಂಟೆಗಟ್ಟಲೆ ಉಪ್ಪಿನಲ್ಲಿ ಮುಚ್ಚಿಟ್ಟದ್ದು ಸುದ್ದಿಯಾಗಿತ್ತು. ನಗುವಂಥದ್ದಲ್ಲ ಅದು. ಮಗು ಕಳೆದುಕೊಂಡವರು ಯಾವುದನ್ನಾದರೂ ನಂಬುತ್ತಾರೆ.

ಒಂದು ಸಭೆಯಲ್ಲಿ ಹಿರಿಯರೊಬ್ಬರು ಎದ್ದು ಕೇಳಿದರು: "ನೀರು ಆಚೆ ಬರ್ದೆ ಗಾಳಿ ಒಳಕ್ಕೆ ಎಂಗೋಯ್ತದೆ ಮೇಡಂ?" ತಿರುಗಿಸಿದಾಗ ಬರುವುದು ಹೊಟ್ಟೆಯ ನೀರು ಯಜಮಾನ್ರೇ, ಶ್ವಾಸಕೋಶಕ್ಕೆ ಹೋಗಿರುವುದು ಸ್ವಲ್ಪ, ಅದನ್ನು ತೆಗೆಯಲು ಹೋದರೆ ಮಗುವಿನ ಹೊತ್ತು ಹೋಗುತ್ತದೆ ಅಂದೆ. ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಗೊಂಬೆಯ ಮೂಗು ಬಾಯಿ ಎರಡಕ್ಕೂ ಬಾಯಿಟ್ಟು ಊದಿಸಿದೆ. ಎದೆ ಮೇಲೆದ್ದದ್ದು ಕಂಡ ಮೇಲೆ ಇನ್ನೊಂದು ಸಲ ತಾವಾಗಿಯೇ ಊದಿದರು. ನಾವು ಹೇಳಿಕೊಡುವುದು ಇಷ್ಟು: ದಡದಲ್ಲೇ ಅಂಗಾತ ಮಲಗಿಸಿ, ಗದ್ದ ಎತ್ತಿ, ಮೊದಲು ಐದು ಉಸಿರು. ಅಲುಗಾಡದಿದ್ದರೆ, ಒಬ್ಬರೇ ಇದ್ದರೆ, 30 ಸಲ ಒತ್ತು, 2 ಉಸಿರು. ಮೊದಲ ಐದು ಉಸಿರಿನ ಈ ಕ್ರಮ ಯುರೋಪಿನ ಮಾರ್ಗಸೂಚಿಯದು. ಅಮೆರಿಕದವರು ಸಾಮಾನ್ಯವಾಗಿ ಒತ್ತುವುದರಿಂದ ಶುರು ಮಾಡಿಸುತ್ತಾರೆ, ಮುಳುಗಿದವರಿಗೆ ಮಾತ್ರ ಮೊದಲು ಎರಡು ಉಸಿರು ಅಂತ 2024ರಲ್ಲಿ ಹೇಳಿದ್ದಾರೆ. ಮುಳುಗುವುದೇ ಹೆಚ್ಚಿರುವ ನಮ್ಮ ಕಡೆಗೆ ನಾನು ಯುರೋಪಿನದನ್ನೇ ಆರಿಸಿಕೊಂಡೆ. ಹೊಂಡದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತದೆ, ಈಜು ಬಂದವರಿಗೂ ಹತ್ತಲು ಆಗುವುದಿಲ್ಲ. ಮಗುವನ್ನು ಎತ್ತಲು ದೊಡ್ಡವರು ಹಾರುವ ಬದಲು ಗಂಟು ಹಾಕಿದ ಹಗ್ಗ ಅಂಚಿಗೆ ಕಟ್ಟಿಟ್ಟಿರಬೇಕು, ಸುತ್ತ ಬೇಲಿ ಇರಬೇಕು ಅನ್ನುವುದೂ ಅದೇ ಸಭೆಯಲ್ಲಿ ಸೇರುತ್ತದೆ.

ಫಲ ಏನು ಅಂತ ಕೇಳುವವರಿಗೆ: ಹೃದಯ ಪೂರ್ತಿ ನಿಂತು ಬಂದ ಮಕ್ಕಳಲ್ಲಿ ಹೆಚ್ಚಿನವರು ಈಗಲೂ ಉಳಿಯುವುದಿಲ್ಲ. ಎಲ್ಲ ಸೌಕರ್ಯ ಇರುವ ದೇಶಗಳಲ್ಲೂ ಹತ್ತರಲ್ಲಿ ಒಂದರ ಆಸುಪಾಸು. ಬದಲಾಗಿರುವುದು, ದಡದಲ್ಲೇ ಊದಿಸಿಕೊಂಡು, ಹೃದಯ ನಿಧಾನವಾಗಿಯಾದರೂ ಬಡಿಯುತ್ತಾ ಬರುವ ಮಕ್ಕಳು. ಇವರಿಗೆ ಬ್ಯಾಗಿನ ಉಸಿರು, ಒದ್ದೆ ಬಟ್ಟೆ ತೆಗೆಯುವುದು, ಸಕ್ಕರೆ ಅಂಶ ನೋಡುವುದು, ಜ್ವರ ಏರದಂತೆ ಕಾಯುವುದು, ಜಿಲ್ಲಾಸ್ಪತ್ರೆಗೆ ಫೋನ್ ಮಾಡಿ ವೆಂಟಿಲೇಟರ್ ಖಚಿತ ಮಾಡಿಕೊಂಡೇ ಕಳಿಸುವುದು. ಕೈಮೀರಿದಾಗ ತಾಯಿ ತಂದೆಯನ್ನು ಹೊರಗೆ ತಳ್ಳುವುದಿಲ್ಲ, ಒಬ್ಬ ಸಿಸ್ಟರ್ ಜೊತೆ ಒಳಗೇ ನಿಲ್ಲಿಸುತ್ತೇವೆ.

ಈಗ ತಲೆ ಕೆಡಿಸಿಕೊಂಡಿರುವುದು ರಾತ್ರಿ ಪಾಳಿಯ ಬಗ್ಗೆ. ಹಗಲಿನ ಕಸರತ್ತಿಗೆ ಆರು ಜನ ಸಿಗುತ್ತಾರೆ, ರಾತ್ರಿ ಇರುವುದು ಒಬ್ಬ ವೈದ್ಯರು, ಒಬ್ಬ ಸಿಸ್ಟರ್. ಹಾಗಾಗಿ ಇಬ್ಬರದೇ ಕಸರತ್ತು ಬೇರೆಯಾಗಿ ಶುರು ಮಾಡಿದ್ದೇವೆ: ಒಬ್ಬರು ಬ್ಯಾಗ್, ಒಬ್ಬರು ಎದೆ, ಡಬ್ಬಿ ಮುಟ್ಟುವ ಹಾಗಿಲ್ಲ. ಗೇಟಿನ ಸೆಕ್ಯುರಿಟಿಯವರಿಗೆ ಎದೆ ಒತ್ತುವುದನ್ನು ಕಲಿಸಿದ್ದೇವೆ. ಅವರು ಓಡಿಬಂದು ಎದೆಗೆ ಕೈ ಕೊಟ್ಟ ಮೇಲೆ ಸಿಸ್ಟರ್ ಅಡ್ರಿನಲಿನ್ ಕಡೆ ತಿರುಗಬೇಕು. ಶುರು ಮಾಡಿದ ಐದು ನಿಮಿಷದೊಳಗೆ ಮೊದಲ ಡೋಸ್ ಹೋಗಬೇಕು ಅನ್ನುವುದು ಗುರಿ. ಕಳೆದ ವಿಡಿಯೊದಲ್ಲಿ ಇನ್ನೂ ಏಳರ ಹತ್ತಿರ ಇತ್ತು. ಸೆಕ್ಯುರಿಟಿಯವರನ್ನು ಕರೆಯಲು ಕಾಲಿನಿಂದ ಒತ್ತುವ ಒಂದು ಬೆಲ್ ಟೇಬಲ್ ಕೆಳಗೆ ಹಾಕಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೇನೆ.