ಭುಜದ ಆಪರೇಷನ್ ಆದಮೇಲೆ: ನೋವು ಹೋಯಿತೆಂದು ಕೈ ಎತ್ತಬೇಡಿ

ಭುಜದ ಟೆಂಡನ್ ಹೊಲಿಸಿಕೊಂಡವರು ಹೆಚ್ಚಾಗಿ ಎಡವುವುದು ನೋವಿರುವಾಗ ಅಲ್ಲ, ನೋವು ಹೋದಮೇಲೆ. ಎರಡು ತಿಂಗಳಾಗುವಷ್ಟರಲ್ಲಿ ಕೈ ಹಗುರ ಅನಿಸುತ್ತದೆ. 'ವಾಸಿಯಾಯಿತಲ್ಲ, ಇನ್ನೇನು' ಎಂದು ತುಂಬಿದ ಬಕೆಟ್‌ಗೆ ಕೈ ಹಾಕುತ್ತಾರೆ. ಒಳಗೆ ಟೆಂಡನ್ ಇನ್ನೂ ಮೂಳೆಗೆ ಗಟ್ಟಿಯಾಗಿ ಕೂಡಿರುವುದೇ ಇಲ್ಲ.

ತೋಳಿನ ಮೂಳೆಯ ಗುಂಡನೆಯ ತಲೆಯನ್ನು ನಾಲ್ಕು ಸ್ನಾಯುಗಳು ಸುತ್ತಲೂ ಹಿಡಿದಿರುತ್ತವೆ. ಇವಕ್ಕೆ ಒಟ್ಟಾಗಿ ರೊಟೇಟರ್ ಕಫ್ ಎನ್ನುತ್ತಾರೆ. ಸ್ನಾಯುವನ್ನು ಮೂಳೆಗೆ ಕಟ್ಟಿಹಾಕಿರುವ ಹುರಿಯೇ ಟೆಂಡನ್. ನಾಲ್ಕರಲ್ಲಿ ಹೆಚ್ಚಾಗಿ ಹರಿಯುವುದು ಮೇಲಿನದು, ಸುಪ್ರಾಸ್ಪೈನೇಟಸ್. ಸರ್ಜನ್ ಮೂಳೆಯಲ್ಲಿ ಚಿಕ್ಕ ಆ್ಯಂಕರ್‌ಗಳನ್ನು (ದಾರ ಪೋಣಿಸಿದ ಮೊಳೆಯಂಥವು) ಕೂರಿಸಿ, ಅವುಗಳ ದಾರದಿಂದ ಹರಿದ ತುದಿಯನ್ನು ಮೂಳೆಗೆ ಒತ್ತಿ ಕಟ್ಟುತ್ತಾರೆ. ಕೂಡಿಸುವ ಕೆಲಸ ದೇಹದ್ದು. ಅಲ್ಲಿಯವರೆಗೆ ಎಲ್ಲ ಭಾರ ಆ ದಾರದ ಮೇಲೆ.

ಹಂತ 1: ಆಪರೇಷನ್‌ಗೆ ಮೊದಲೇ ಶುರು ಮಾಡಿ

ಕೆಲವು ಸಂಗತಿಗಳು ನಮ್ಮ ಕೈಯಲ್ಲಿಲ್ಲ. ವಯಸ್ಸು ಹೆಚ್ಚಿದಷ್ಟೂ, ಹರಿದ ಭಾಗ ದೊಡ್ಡದಾದಷ್ಟೂ ಕೂಡುವುದು ಕಷ್ಟ. ಇನ್ನೊಂದು, ಜನ ಕೇಳದೇ ಬಿಡುವ ವಿಷಯ: ಹರಿದು ಬಹಳ ದಿನವಾದ ಸ್ನಾಯು ಹಿಂದಕ್ಕೆ ಸೆಳೆದುಕೊಂಡು, ನಿಧಾನವಾಗಿ ಅದರೊಳಗೆ ಕೊಬ್ಬು ತುಂಬುತ್ತದೆ. ಇದನ್ನು 0ಯಿಂದ 4ರವರೆಗೆ ಅಳೆಯುವ ಪದ್ಧತಿಯನ್ನು ಫ್ರಾನ್ಸ್‌ನ ವೈದ್ಯ ಗುಟಾಲಿಯೆ ಮತ್ತು ಜೊತೆಗಾರರು 1994ರಲ್ಲಿ ಪ್ರಕಟಿಸಿದರು. 3 ಎಂದರೆ ಸ್ನಾಯುವಿನಷ್ಟೇ ಕೊಬ್ಬು. ಹೀಗೆ ತುಂಬಿದ ಕೊಬ್ಬು ಹೊಲಿದಮೇಲೂ ಹೆಚ್ಚಾಗಿ ಹಿಂದೆ ಹೋಗುವುದಿಲ್ಲ. ನಿಮ್ಮ ಎಂಆರ್‌ಐಯಲ್ಲಿ ಎಷ್ಟಿದೆ ಎಂದು ಡಾಕ್ಟರನ್ನು ಕೇಳಿ, ಸಂಕೋಚ ಬೇಡ.

ನಮ್ಮ ಕೈಯಲ್ಲಿರುವುದೂ ಕಡಿಮೆ ಏನಿಲ್ಲ. ಮೊದಲನೆಯದು ಸಿಗರೇಟು. ನಿಕೋಟಿನ್ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಟೆಂಡನ್‌ಗೆ ಮೊದಲೇ ರಕ್ತ ಸಾಲದು, ಅದರಲ್ಲೂ ಕಡಿತ ಅಂದರೆ ಹೇಗೆ? ಆಪರೇಷನ್‌ಗೆ ಕೆಲವು ವಾರ ಮೊದಲೇ ಬಿಡಿ, ಆಮೇಲೂ ಮುಟ್ಟಬೇಡಿ. ಎರಡನೆಯದು ಸಕ್ಕರೆ ಕಾಯಿಲೆ. ಸಕ್ಕರೆ ಹಿಡಿತದಲ್ಲಿಲ್ಲದಿದ್ದರೆ ಟೆಂಡನ್ ಕೂಡುವುದೂ ತಡ, ಸೋಂಕಿನ ಭಯವೂ ಜಾಸ್ತಿ. ಮೂಳೆ ಟೊಳ್ಳಾಗಿದ್ದರೆ ಆ್ಯಂಕರ್‌ಗೆ ಸರಿಯಾಗಿ ಹಿಡಿತ ಸಿಗುವುದಿಲ್ಲ, ಅದನ್ನೂ ತಿಳಿಸಿ. ಭುಜಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಕೊನೆಯದು ಯಾವ ದಿನ ಎಂದು ಹೇಳಲು ಮರೆಯಬೇಡಿ.

ಹಂತ 2: ಮೊದಲ 6 ವಾರ

ಸ್ಲಿಂಗ್, ಅಂದರೆ ಕೈಯನ್ನು ಕೊರಳಿಗೆ ತೂಗುಹಾಕುವ ಪಟ್ಟಿ, ಸಾಮಾನ್ಯವಾಗಿ 4ರಿಂದ 6 ವಾರ. ಕಿರಿಕಿರಿ ಆಗುತ್ತದೆ, ನಿಜ. ಆದರೂ ಸುಮ್ನೆ ತೆಗೆದಿಟ್ಟು ಓಡಾಡಬೇಡಿ. ಬೆರಳು, ಮಣಿಕಟ್ಟು, ಮೊಣಕೈ ಆಡಿಸುತ್ತಿರಿ. ಭುಜವನ್ನು ಮಾತ್ರ ಫಿಸಿಯೋಥೆರಪಿಸ್ಟ್ ಅಥವಾ ನಿಮ್ಮ ಇನ್ನೊಂದು ಕೈ ಎತ್ತಬೇಕು, ಅದೂ ಹೇಳಿದಷ್ಟೇ.

ಅಂಗಿ ಹಾಕುವಾಗ ಆಪರೇಷನ್ ಆದ ಕೈ ಮೊದಲು, ತೆಗೆಯುವಾಗ ಅದೇ ಕೊನೆ. ಕಂಕುಳು ತೊಳೆಯಬೇಕೆಂದರೆ ಕೈ ಎತ್ತಬೇಡಿ. ಮುಂದಕ್ಕೆ ಬಾಗಿ, ಕೈಯನ್ನು ಸಡಿಲವಾಗಿ ಜೋತುಬಿಡಿ, ಜಾಗ ತಾನೇ ಸಿಗುತ್ತದೆ. ಚಪ್ಪಟೆ ಮಲಗಿದರೆ ರಾತ್ರಿ ನೋವು ಏರುತ್ತದೆ. ಬೆನ್ನಿಗೆ ದಿಂಬು ಒತ್ತಿಟ್ಟು ಅರ್ಧ ಕುಳಿತಂತೆ ಮಲಗಿ, ಮೊಣಕೈ ಕೆಳಗೂ ಒಂದು ದಿಂಬಿರಲಿ. ಕುರ್ಚಿಯಿಂದ ಏಳುವಾಗ ಆ ಕೈಯನ್ನು ಊರಲೇಬಾರದು. ಅಭ್ಯಾಸಬಲದಿಂದ ಊರಿಬಿಡುತ್ತೇವೆ, ಅಲ್ವಾ? ನೋವಿನ ಮಾತ್ರೆಯನ್ನು ಮೆಡಿಕಲ್ ಸ್ಟೋರ್‌ನಿಂದ ನೀವೇ ತರಬೇಡಿ. ಐಬುಪ್ರೊಫೆನ್ ಥರದವನ್ನು ಮೊದಲ ವಾರಗಳಲ್ಲಿ ಬೇಡವೆನ್ನುವ ಸರ್ಜನ್‌ಗಳಿದ್ದಾರೆ.

ಹಂತ 3: 6ರಿಂದ 12 ವಾರ

ನನ್ನನ್ನು ಕೇಳಿದರೆ ಇದೇ ಅಪಾಯದ ಕಾಲ. ಸ್ಲಿಂಗ್ ಇಲ್ಲ, ನೋವಿಲ್ಲ, ಧೈರ್ಯ ಇದೆ. ಈಗ ನಿಮ್ಮ ಸ್ವಂತ ಶಕ್ತಿಯಿಂದ ಕೈ ಎತ್ತುವುದನ್ನು ಕಲಿಸುತ್ತಾರೆ. ಕೈಯ ತೂಕವೇ ಸಾಕು, ಮೇಲೆ ಇನ್ನೇನೂ ಬೇಡ. ಹೊಲಿದದ್ದು ಮತ್ತೆ ಬಿಚ್ಚುವುದು ಹೆಚ್ಚಾಗಿ ಮೊದಲ ಕೆಲವು ತಿಂಗಳಲ್ಲೇ.

'ಭುಜ ಹಿಡಿದುಕೊಂಡುಬಿಟ್ಟರೆ' ಎಂಬ ಭಯಕ್ಕೆ ಕೆಲವರು ಹೇಳಿದ್ದಕ್ಕಿಂತ ಎರಡು ಪಟ್ಟು ವ್ಯಾಯಾಮ ಮಾಡುತ್ತಾರೆ. ಬಿಗಿತ ಬಹಳ ಮಂದಿಗೆ ವರ್ಷದೊಳಗೆ ಸಡಿಲಾಗುತ್ತದೆ. ಬಿಚ್ಚಿದ ಹೊಲಿಗೆ ಹಾಗಲ್ಲ. ಹರಿದ ಭಾಗ ಚಿಕ್ಕದಾದರೆ ಬೇಗ ಆಡಿಸಲು ಬಿಡುತ್ತಾರೆ, ದೊಡ್ಡದಾದರೆ ತಡ. ಹಾಗಾಗಿ ಪಕ್ಕದ ಮನೆಯವರ ವೇಳಾಪಟ್ಟಿ ನಿಮಗೆ ಆಗದು.

ಹಂತ 4: 12 ವಾರದ ನಂತರ

ರಬ್ಬರ್ ಬ್ಯಾಂಡ್, ಹಗುರ ತೂಕ ಈಗ. ಭಾರದ ಕೆಲಸ, ತಲೆಯ ಮೇಲೆ ಕೈಯೆತ್ತಿ ಆಡುವ ಆಟ 6 ತಿಂಗಳು ದಾಟಿದ ಮೇಲೆ, ಅದೂ ಡಾಕ್ಟರ್ ಒಪ್ಪಿದರೆ. ಪೂರ್ತಿ ಬಲ ಬರಲು ವರ್ಷವೇ ಬೇಕಾಗಬಹುದು.

ಜ್ವರ, ಗಾಯದಲ್ಲಿ ಕೀವು, ಮೀನಖಂಡದಲ್ಲಿ ಊತ, ಇವು ಯಾವಾಗ ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ತಟ್ಟನೆ ಏನೋ ಕಿತ್ತಂತಾಗಿ, ನಿನ್ನೆ ಎತ್ತುತ್ತಿದ್ದ ಕೈ ಇಂದು ಏಳದಿದ್ದರೂ ತಡ ಮಾಡಬೇಡಿ. ಸ್ಕ್ಯಾನ್‌ನಲ್ಲಿ ಮತ್ತೆ ಹರಿದಿದೆ ಎಂದು ಬಂದರೆ ಕೂಡಲೇ ಇನ್ನೊಂದು ಆಪರೇಷನ್ ಎಂದೇನಲ್ಲ. ಹಾಗಿದ್ದೂ ನೋವಿಲ್ಲದೆ ಕೈ ಆಡಿಸುವವರು ಎಷ್ಟೋ ಮಂದಿ.