ಅಪಾಯಕಾರಿ ಡೈವಿಂಗ್ ಜೊತೆಗಾರರ ಬಗ್ಗೆ ಇತರರನ್ನು ಎಚ್ಚರಿಸುವ ಕ್ರಮ

ಸ್ಕೂಬಾ ಡೈವಿಂಗ್‌ನಲ್ಲಿ ಇಬ್ಬಿಬ್ಬರನ್ನು ಜೋಡಿಯಾಗಿ ನೀರಿಗಿಳಿಸುವುದಕ್ಕೆ ಮುಖ್ಯ ಕಾರಣವೆಂದರೆ, ಒಬ್ಬರ ಸಿಲಿಂಡರ್‌ನಲ್ಲಿ ಗಾಳಿ ಮುಗಿದಾಗ ಅಥವಾ ಉಸಿರಾಡಲು ಬಾಯಿಗಿಟ್ಟುಕೊಳ್ಳುವ ರೆಗ್ಯುಲೇಟರ್ ಕೈಕೊಟ್ಟಾಗ ಜೊತೆಗಾರರ ಬಳಿಯಿರುವ ಹೆಚ್ಚುವರಿ ರೆಗ್ಯುಲೇಟರ್ ತಕ್ಷಣ ಬಾಯಿಗೆ ಸಿಗಬೇಕು. ಆ ಜೊತೆಗಾರರು ಎಲ್ಲೋ ದೂರದಲ್ಲಿ ಬೆನ್ನು ತಿರುಗಿಸಿ ಮೀನಿನ ಚಿತ್ರ ತೆಗೆಯುತ್ತಿದ್ದರೆ ನೀವು ಹೆಸರಿಗೆ ಮಾತ್ರ ಜೋಡಿ. ಇಂಥವರ ವಿಷಯವನ್ನು ಮುಂದಿನವರಿಗೆ ತಿಳಿಸಬೇಕೇ ಎಂದು ಕೇಳಿದರೆ, ತಿಳಿಸಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಏನನ್ನು, ಯಾರಿಗೆ, ಯಾವಾಗ ಹೇಳಬೇಕೆಂಬ ವಿವೇಚನೆ ಇಲ್ಲದಿದ್ದರೆ ಅದು ಬರೀ ಚಾಡಿಯಾಗುತ್ತದೆ.

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ಗೆ ಹೋಗುವವರಲ್ಲಿ ಅನೇಕರು ಮೊದಲ ಬಾರಿಗೆ, ತರಬೇತುದಾರರ ಕೈಹಿಡಿದು ಇಳಿಯುವವರು. ಅವರ ಹೊಣೆ ತರಬೇತುದಾರರದು. ಇಲ್ಲಿನ ಮಾತು ಪ್ರಮಾಣಪತ್ರ ಪಡೆದು, ಅಂಡಮಾನಿನಲ್ಲೋ ನೇತ್ರಾಣಿಯಲ್ಲೋ ದೋಣಿಯಲ್ಲಿ ಆಗಷ್ಟೇ ಪರಿಚಯವಾದವರೊಡನೆ ಜೋಡಿಯಾಗುವವರಿಗೆ ಸಂಬಂಧಿಸಿದ್ದು.

ಮೊದಲು ಅನನುಭವ ಯಾವುದು, ಅಜಾಗರೂಕತೆ ಯಾವುದು ಎಂದು ಬೇರ್ಪಡಿಸಿಕೊಳ್ಳಬೇಕು. ಗಾಳಿಯನ್ನು ಬೇಗ ಖಾಲಿ ಮಾಡುವವರು, ನೀರಿನಲ್ಲಿ ಸಮತೋಲನ ಸಿಗದೆ ಮೇಲೆ ಕೆಳಗೆ ಆಡುವವರು ಕಲಿಯುತ್ತಿರುವವರು. ನಿಮ್ಮ ಸನ್ನೆಗೆ ಉತ್ತರಿಸುತ್ತಿರುವವರೆಗೂ ಅವರ ಬಗ್ಗೆ ಯಾರನ್ನೂ ಎಚ್ಚರಿಸುವ ಅಗತ್ಯವಿಲ್ಲ. ಇಳಿಯುವ ಮುನ್ನ ಪರಸ್ಪರ ಸಲಕರಣೆ ಪರೀಕ್ಷಿಸಿಕೊಳ್ಳಲು ಒಪ್ಪದಿರುವುದು, ಸಿಲಿಂಡರ್‌ನಲ್ಲಿ ಎಷ್ಟು ಬಾರ್ (ಗಾಳಿಯ ಒತ್ತಡದ ಅಳತೆ) ಉಳಿದಿದೆಯೆಂದು ಕೇಳಿದರೆ ಮಾಪಕವನ್ನೇ ನೋಡದಿರುವುದು, 5 ಮೀಟರ್ ಆಳದಲ್ಲಿ 3 ನಿಮಿಷ ನಿಲ್ಲುವ ಸುರಕ್ಷತಾ ತಂಗುವಿಕೆಯನ್ನು ಕಾರಣವಿಲ್ಲದೆ ಬಿಟ್ಟು ಮೇಲೇರುವುದು ಬೇರೆಯೇ ವರ್ಗ. ಇವೆಲ್ಲಕ್ಕಿಂತ ಕೆಟ್ಟದ್ದು ಒಪ್ಪಿದ ಆಳವನ್ನು ಮೀರುವುದು. ಪ್ರಾಥಮಿಕ ಪ್ರಮಾಣಪತ್ರದ ಮಿತಿ 18 ಮೀಟರ್. 30 ಮೀಟರಿನಲ್ಲಿ ಒತ್ತಡವು ಮೇಲ್ಮೈಗಿಂತ ನಾಲ್ಕು ಪಟ್ಟಾಗುವುದರಿಂದ ಸಿಲಿಂಡರ್ ಅಷ್ಟೇ ವೇಗವಾಗಿ ಬರಿದಾಗುತ್ತದೆ, ಜೊತೆಗೆ ಸಾರಜನಕದ ಅಮಲು ತಲೆಗೇರಿ ತೀರ್ಮಾನಶಕ್ತಿ ಮಂಕಾಗಬಹುದು. ಹಾಗೆ ಇಳಿದವರು ತಮ್ಮ ಜೀವದ ಜೊತೆ, ಹಿಂಬಾಲಿಸಲೋ ಬಿಟ್ಟುಬರಲೋ ಎಂದು ತೋಚದೆ ನಿಂತ ನಿಮ್ಮ ಜೀವವನ್ನೂ ಪಣಕ್ಕಿಡುತ್ತಾರೆ.

ದೋಣಿಗೆ ಮರಳಿದ ಕೂಡಲೇ, ಸಿಟ್ಟು ನೆನಪನ್ನು ತಿದ್ದುವ ಮುನ್ನ, ಕಂಡದ್ದನ್ನು ಲಾಗ್‌ಬುಕ್ಕಿನಲ್ಲಿ ಬರೆದಿಡಿ. ನಿಮ್ಮ ಡೈವ್ ಕಂಪ್ಯೂಟರಿನಲ್ಲಿ ಆಳ ಮತ್ತು ಸಮಯ ದಾಖಲಾಗಿರುತ್ತವೆ. "ಬೇಜವಾಬ್ದಾರಿ ಮನುಷ್ಯ" ಎಂಬ ಮಾತಿನಿಂದ ಯಾರಿಗೂ ಪ್ರಯೋಜನವಿಲ್ಲ. "18 ಮೀಟರ್ ಎಂದು ಮಾತಾಗಿತ್ತು, 27ಕ್ಕೆ ಇಳಿದರು, ಮೇಲೆ ಬನ್ನಿ ಎಂದು ಎರಡು ಸಲ ಸನ್ನೆ ಮಾಡಿದರೂ ಬರಲಿಲ್ಲ" ಎಂದರೆ ಕೇಳಿದವರು ತಾವೇ ತೀರ್ಮಾನಿಸಬಲ್ಲರು.

ಆಮೇಲೆ ಅವರೊಡನೆಯೇ, ಉಳಿದವರ ಕಿವಿಗೆ ಬೀಳದಂತೆ, ಎರಡನೆಯ ಡೈವ್‌ಗೆ ಮುನ್ನ ಮಾತನಾಡಬೇಕು. ಕೆಲವೊಮ್ಮೆ ತಪ್ಪು ನಿಮ್ಮ ಗ್ರಹಿಕೆಯಲ್ಲೇ ಇರುತ್ತದೆ. ಜೊತೆಗಾರರು ಕಣ್ಮರೆಯಾದರೆ ಒಂದು ನಿಮಿಷ ಹುಡುಕಿ, ಸಿಗದಿದ್ದರೆ ಮೇಲೆ ಬರಬೇಕೆಂಬುದು ತರಬೇತಿಯಲ್ಲಿ ಕಲಿಸುವ ನಿಯಮ. "ನನ್ನನ್ನು ಬಿಟ್ಟುಹೋದರು" ಎಂದು ನೀವು ದೂರುತ್ತಿರುವವರು ಅದನ್ನೇ ಪಾಲಿಸಿರಬಹುದು.

ಅವರು ನಕ್ಕು ತಳ್ಳಿಹಾಕಿದರೆ, ಅಥವಾ ನಡೆದದ್ದು ಪ್ರಾಣಾಂತಿಕವಾಗಿದ್ದರೆ, ಡೈವ್ ಮುನ್ನಡೆಸುವ ಡೈವ್ ಮಾಸ್ಟರ್‌ಗೆ ತಿಳಿಸಿ. ಜೋಡಿಗಳನ್ನು ನಿರ್ಧರಿಸುವವರು ಸಾಮಾನ್ಯವಾಗಿ ಅವರೇ ಆದ್ದರಿಂದ, ದೋಣಿಯ ಹತ್ತು ಮಂದಿಗೆ ಹೇಳುವುದಕ್ಕಿಂತ ಅವರೊಬ್ಬರಿಗೆ ಹೇಳುವುದು ಹೆಚ್ಚು ಫಲಕಾರಿ. ಮರುದಿನ ಅದೇ ವ್ಯಕ್ತಿಯೊಡನೆ ಜೋಡಿಯಾಗಲಿರುವವರಿಗೆ ನೇರವಾಗಿ ಹೇಳುವುದೂ ತಪ್ಪಲ್ಲ. ಡೈವ್ ಮಾಸ್ಟರರೇ ಅಜಾಗರೂಕರಾಗಿದ್ದರೆ ಕೇಂದ್ರದ ಮಾಲೀಕರಿಗೂ, ಪ್ರಮಾಣಪತ್ರ ನೀಡಿದ ಪ್ಯಾಡಿ (PADI), ಎಸ್‌ಎಸ್‌ಐನಂಥ (SSI) ಡೈವಿಂಗ್ ತರಬೇತಿ ಸಂಸ್ಥೆಗೂ ಲಿಖಿತ ದೂರು ಕೊಡಬಹುದು.

ವಾಟ್ಸಾಪ್ ಗುಂಪುಗಳಲ್ಲಿ ಹೆಸರು, ಫೋಟೋ ಹಾಕಿ ಬರೆಯುವುದನ್ನು ನಾನು ಒಪ್ಪುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಡಿ ಮಾನಹಾನಿ ಅಪರಾಧ. ಕೇಳುವವರ ಅಥವಾ ಸಾರ್ವಜನಿಕರ ಹಿತಕ್ಕಾಗಿ ಸದ್ಭಾವನೆಯಿಂದ ನೀಡಿದ ಎಚ್ಚರಿಕೆಗೆ ಅದೇ ಕಲಮು ವಿನಾಯಿತಿ ಕೊಡುತ್ತದೆ. ಆದರೆ ಕಂಡದ್ದನ್ನಷ್ಟೇ, ಬೇಕಾದವರಿಗಷ್ಟೇ ಹೇಳಿದವರಿಗೆ ಆ ಸದ್ಭಾವನೆಯನ್ನು ತೋರಿಸುವುದು ಸುಲಭ. ಮೇಲಾಗಿ, ನಾಳೆ ಬೆಳಗ್ಗೆ ಆ ವ್ಯಕ್ತಿಯ ಪಕ್ಕದಲ್ಲಿ ಸಿಲಿಂಡರ್ ಕಟ್ಟಿಕೊಳ್ಳಲಿರುವವರು ಆ ಗುಂಪಿನಲ್ಲಿ ಇರುತ್ತಾರೆಂಬ ಖಾತ್ರಿಯೂ ಇಲ್ಲ.

ಎಚ್ಚರಿಕೆ ಕೇಳಿಸಿಕೊಂಡವರು ನೀವೇ ಆಗಿದ್ದರೆ ಜೋಡಿ ಬದಲಿಸಿಕೊಡಲು ಕೇಳಿ, ಆಗದೆಂದರೆ ಇಳಿಯಬೇಡಿ. ಯಾವ ಡೈವರ್ ಆದರೂ, ಯಾವ ಹಂತದಲ್ಲಾದರೂ, ಕಾರಣ ಹೇಳದೆಯೇ ಡೈವ್ ನಿಲ್ಲಿಸಬಹುದೆಂಬುದು ಈ ಕ್ಷೇತ್ರದ ಹಳೆಯ ಒಪ್ಪಂದ. ಕೊಟ್ಟ ಹಣ ವಾಪಸು ಬರುತ್ತದೆಯೇ ಎಂಬುದನ್ನು ಮಾತ್ರ ದೋಣಿ ಹತ್ತುವ ಮೊದಲೇ ವಿಚಾರಿಸಿಕೊಳ್ಳಿ.